ಕಣ ಹೋಗಿ ಡಾಂಬರು ಬಂತು: ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಭತ್ತ ಒಣಗಿದ ಕತೆ

ಮಿಲ್ಲಿನಿಂದ ಅಕ್ಕಿ ಮನೆಗೆ ಬಂದ ದಿನ ಎಲ್ಲರೂ ಮೊದಲು ನೋಡುವುದು ನುಚ್ಚನ್ನು. ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ಅಂಗೈಗೆ ಹಾಕಿಕೊಂಡು, ‘ಈ ಸಲ ನುಚ್ಚು ಜಾಸ್ತಿ ಆಯ್ತಲ್ಲ’ ಎಂದು ಒಬ್ಬರಾದರೂ ಅನ್ನುತ್ತಾರೆ. ಆಮೇಲೆ ಬೈಗುಳ ಬೀಳುವುದು ಮಿಲ್ಲಿನವನಿಗೆ. ರಬ್ಬರ್ ರೋಲು ಸವೆದಿದೆ, ಮೆಷಿನ್ ಬಿಗಿ ಮಾಡಿದ್ದಾನೆ, ನಮ್ಮ ಅಕ್ಕಿ ಇಟ್ಟುಕೊಂಡು ಬೇರೆಯವರದ್ದು ಕೊಟ್ಟಿದ್ದಾನೆ ಎಂದೆಲ್ಲ.

ಕೆಲವು ಸಲ ಅದು ನಿಜವೂ ಇರಬಹುದು. ಆದರೆ ಬಹಳಷ್ಟು ಸಲ ಆ ಕಾಳು ಮಿಲ್ಲಿನ ಬಾಗಿಲು ಕಾಣುವ ಮೊದಲೇ ಒಳಗೊಳಗೇ ಸೀಳು ಬಿಟ್ಟಿರುತ್ತದೆ. ಹೊಟ್ಟಿನ ಒಳಗಿರುವುದರಿಂದ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಆಗಲೇ ಸೀಳಿದ್ದನ್ನು ಮಿಲ್ಲು ಎರಡು ತುಂಡು ಮಾಡಿ ಹೊರಗೆ ಹಾಕುತ್ತದೆ.

ಸೀಳು ಬಿಡುವುದು ಒಣಗುವಾಗ, ಅಥವಾ ಒಣಗಿದ ಮೇಲೆ ಮತ್ತೆ ನೆನೆದಾಗ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಈ ನಾಲ್ಕು ತಾಲ್ಲೂಕಿನಲ್ಲಿ ಭತ್ತ ಒಣಗಿಸುವ ರೀತಿ ಎರಡು ತಲೆಮಾರಿನಲ್ಲಿ ಪೂರ್ತಿ ಬದಲಾಗಿದೆ. ಹೊಸ ತಳಿ, ಹೊಸ ನಾಲೆ, ಹೊಸ ಯಂತ್ರ ಬಂದದ್ದರ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ಒಣಗಿಸುವುದರ ಬಗ್ಗೆ ಯಾರೂ ಅಷ್ಟಾಗಿ ಬರೆದಿಲ್ಲ. ಅದು ಕೆಲಸವೇ ಅಲ್ಲ, ಬಿಸಿಲೇ ಮಾಡಿಕೊಳ್ಳುತ್ತದೆ ಎಂಬ ಭಾವನೆ ನಮ್ಮದು.

ಅರವತ್ತೈದು, ಎಪ್ಪತ್ತು ದಾಟಿದವರನ್ನು ಕೂರಿಸಿಕೊಂಡು ಕೇಳಿ ನೋಡಿ. ಭತ್ತದ ಕುಯ್ಲು ಆಗ ವಾರಗಟ್ಟಲೆ ನಡೆಯುವ ಸುಗ್ಗಿ. ತೆನೆ ಬಾಗಿ ಬಣ್ಣ ತಿರುಗಿದ ಮೇಲೆ ಗದ್ದೆಯ ನೀರು ಬಸಿದು, ಕಾಲು ಹೂಳದಷ್ಟು ನೆಲ ಆರಿದ ಮೇಲೆ ಕುಡುಗೋಲು ಹಾಕುತ್ತಿದ್ದರು. ಕೊಯ್ದ ಅರಿಯನ್ನು ಹುಲ್ಲಿನ ಸಮೇತ ಕೂಳೆಯ ಮೇಲೆ ಹರಡಿ ಎರಡು ಮೂರು ದಿನ ಬಿಡುತ್ತಿದ್ದರು. ಆಮೇಲೆ ಕಂತೆ ಕಟ್ಟಿ, ಹೊರೆ ಹೊತ್ತು ಕಣಕ್ಕೆ ತಂದು ಮೆದೆ ಹಾಕುವುದು. ತೆನೆ ಒಳಗೆ, ಹುಲ್ಲಿನ ಬುಡ ಹೊರಗೆ. ಮಳೆ ಬಂದರೂ ಇಬ್ಬನಿ ಬಿದ್ದರೂ ನೆನೆಯುವುದು ಹುಲ್ಲೇ ಹೊರತು ಕಾಳಲ್ಲ.

ಮೆದೆ ಹಾಕಿದ ಮಾರನೇ ದಿನವೇ ಒಕ್ಕಣೆ ಮಾಡುವವರು ಕಡಿಮೆ. ರಾಗಿ ಒಕ್ಕಣೆ ಇರುತ್ತಿತ್ತು, ಮುಯ್ಯಾಳು ಸಿಗಬೇಕಿತ್ತು, ಕಣ ಖಾಲಿಯಾಗಬೇಕಿತ್ತು. ಭತ್ತ ಮೆದೆಯಲ್ಲೇ ವಾರವೋ ಹದಿನೈದು ದಿನವೋ ಕೂರುತ್ತಿತ್ತು. ಅಷ್ಟು ದಿನವೂ ಕಾಳಿನ ಒಳಗಿನ ನೀರು ನಿಧಾನವಾಗಿ ಹೊರಗೆ ಬಂದು, ಒಂದು ತೆನೆಯ ಹಸಿ ಕಾಳು, ಬಲಿತ ಕಾಳು ಎಲ್ಲವೂ ಒಂದೇ ಹದಕ್ಕೆ ಬರುತ್ತಿದ್ದವು. ಯಾರೂ ಇದನ್ನು ಲೆಕ್ಕ ಹಾಕಿ ಮಾಡಿದ್ದಲ್ಲ. ಆಳು ಮತ್ತು ಎತ್ತಿನ ಕೊರತೆಯೇ ಕಾಳಿಗೆ ಈ ಬಿಡುವು ಕೊಟ್ಟಿತ್ತು.

ಕಣವೂ ಸುಮ್ಮನೆ ಬಯಲಲ್ಲ. ನೆಲ ಕೆತ್ತಿ, ನೀರು ಚಿಮುಕಿಸಿ, ದನ ತುಳಿಸಿ ಗಟ್ಟಿ ಮಾಡಿ, ಸಗಣಿ ಸಾರಿಸಿ, ನಡುವೆ ಮೇಟಿ ನೆಡುತ್ತಿದ್ದರು. ಕಂತೆಯನ್ನು ಬಡಿದು ಕಾಳು ಉದುರಿಸಿ, ಉಳಿದದ್ದನ್ನು ಎತ್ತು ತುಳಿಸಿ ಅಥವಾ ಗುಂಡು ಹೊಡೆಸಿ, ಗಾಳಿ ನೋಡಿ ತೂರಿ ರಾಶಿ ಮಾಡುವುದು. ರಾಶಿಗೆ ಪೂಜೆ ಆದ ಮೇಲೆ ಕಣದಲ್ಲೇ ಅಳತೆ. ಬಡಗಿ, ಕಮ್ಮಾರ, ಅಗಸ, ನೀರುಗಂಟಿ, ತೋಟಿ ಎಲ್ಲರ ಆಯವೂ ಅಲ್ಲೇ ಸಲ್ಲುತ್ತಿತ್ತು. ಯಾರ ಭತ್ತ ಹೇಗಿದೆ ಎಂಬುದು ಊರಿಗೆಲ್ಲ ಗೊತ್ತಾಗುವ ಜಾಗ ಅದು.

ಆ ಕಾಲದಲ್ಲಿ ಎಲ್ಲವೂ ಚೆನ್ನಾಗಿತ್ತು ಎಂದು ಹೇಳಲು ಹೊರಟಿಲ್ಲ. ಕಾರ್ತಿಕದ ಮಳೆ ಹಿಡಿದರೆ ಹಸಿ ಮೆದೆ ಒಳಗೇ ಕಾವು ಬಂದು ಕಾಳು ಹಳದಿ ತಿರುಗುತ್ತಿತ್ತು. ಇಲಿ ಹೆಗ್ಗಣದ ಪಾಲು ಬೇರೆ. ಗದ್ದೆಯಲ್ಲಿ, ಹೊರೆಯಲ್ಲಿ, ದಾರಿಯಲ್ಲಿ ಉದುರಿದ್ದಕ್ಕೆ ಲೆಕ್ಕವೇ ಇಲ್ಲ. ಇನ್ನು ಆ ಹೊರೆ ಹೊತ್ತವರು, ಕಣ ಸಾರಿಸಿದವರು, ಬಿಸಿಲಲ್ಲಿ ದಿನವಿಡೀ ಕಾಲಿನಿಂದ ಭತ್ತಕ್ಕೆ ಗೆರೆ ಎಳೆಯುತ್ತಾ ತಿರುವಿ ಹಾಕಿದವರು ಬಹುಪಾಲು ಹೆಂಗಸರು, ಕೂಲಿಯವರು. ಅವರಿಗೆ ಸಿಕ್ಕ ಕೂಲಿ ಎಷ್ಟೆಂದು ಅವರನ್ನೇ ಕೇಳಬೇಕು.

ಆದರೂ ಆ ಕಾಲದವರಿಗೆ ಕಾಳಿನ ಬಗ್ಗೆ ಏನು ಗೊತ್ತಿತ್ತು ಎಂಬುದಕ್ಕೆ ಒಂದು ಒಳ್ಳೆಯ ಬರಹ ಸಿಗುತ್ತದೆ. ಟಿಪ್ಪು ಸುಲ್ತಾನ್ ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕನನ್ ಎಂಬ ವೈದ್ಯನನ್ನು ಈಸ್ಟ್ ಇಂಡಿಯಾ ಕಂಪನಿ ಮೈಸೂರು ಸೀಮೆಗೆ ಕಳಿಸಿತು. ಇಲ್ಲಿ ಏನು ಬೆಳೆಯುತ್ತಾರೆ, ಹೇಗೆ ಬೆಳೆಯುತ್ತಾರೆ, ಎಷ್ಟು ಕಂದಾಯ ಕಟ್ಟುತ್ತಾರೆ ಎಂದು ನೋಡಿ ಬರೆಯುವುದು ಅವನ ಕೆಲಸ. ಅವನು ಪಿರಿಯಾಪಟ್ಟಣದ ಕಡೆಗೂ ಬಂದು ಹೋದ. 1807ರಲ್ಲಿ ಅವನ ಪ್ರವಾಸದ ಬರಹ ಲಂಡನ್ನಿನಲ್ಲಿ ಅಚ್ಚಾಯಿತು.

ಶ್ರೀರಂಗಪಟ್ಟಣದಲ್ಲಿದ್ದಾಗ ಅವನು ಅಕ್ಕಿ ಮಾಡುವ ಎರಡು ವಿಧಾನ ಬರೆದುಕೊಂಡಿದ್ದಾನೆ. ಒಂದು ಭತ್ತವನ್ನು ಕುದಿಸಿ ಒಣಗಿಸಿ ಕುಟ್ಟುವ ಅಕ್ಕಿ, ಅಂದರೆ ನಮ್ಮ ಕುಸುಬಲಕ್ಕಿ. ಇನ್ನೊಂದು ಕುದಿಸದೆ ಕುಟ್ಟುವ ಹಸಿ ಅಕ್ಕಿ. ಹಸಿ ಅಕ್ಕಿಗೆ ಭತ್ತವನ್ನು ಕುಟ್ಟುವ ಹಿಂದಿನ ದಿನ ಎರಡು ಗಂಟೆ ಹೊತ್ತು ಮಾತ್ರ ಬಿಸಿಲಿಗೆ ಹಾಕಬೇಕು, ಹೆಚ್ಚು ಹೊತ್ತು ಒಣಗಿಸಿದರೂ ಕಾಳು ಒಡೆಯುತ್ತದೆ, ಬಿಸಿಲಿನಿಂದ ತೆಗೆದ ಕೂಡಲೇ ಕುಟ್ಟಿದರೂ ಒಡೆಯುತ್ತದೆ ಎಂದು ಇಲ್ಲಿನವರು ಅವನಿಗೆ ಹೇಳಿದ್ದರು. ಇಷ್ಟು ಜಾಗ್ರತೆ ಮಾಡಿದರೂ ನುಚ್ಚು ಆಗುತ್ತದೆ ಎಂದೂ ಬರೆದಿದ್ದಾನೆ.

ಈ ಮಾತನ್ನು ಸ್ವಲ್ಪ ನಿಂತು ಓದಬೇಕು. ಬಿಸಿಲು ಕಾಯಿಸಿದ ಕಾಳಿಗೆ ಒಂದಷ್ಟು ಬಿಡುವು ಬೇಕು ಎಂಬುದು ಒನಕೆ ಹಿಡಿದ ಹೆಂಗಸರಿಗೆ ಇನ್ನೂರ ಇಪ್ಪತ್ತೈದು ವರ್ಷದ ಹಿಂದೆಯೇ ಗೊತ್ತಿತ್ತು. ಕುಟ್ಟುವ ಕೈಯೂ ಅವರದ್ದೇ, ನುಚ್ಚು ಕೇರುವ ಮೊರವೂ ಅವರದ್ದೇ. ತಪ್ಪು ಎಲ್ಲಾಯಿತು ಎಂದು ಅವತ್ತೇ ತಿಳಿಯುತ್ತಿತ್ತು. ಈಗ ಒಣಗಿಸುವವರು ಒಬ್ಬರು, ಕೊಳ್ಳುವವರು ಇನ್ನೊಬ್ಬರು, ಮಿಲ್ಲು ಮಾಡುವವರು ಮತ್ತೊಬ್ಬರು, ಉಣ್ಣುವವರು ಇನ್ನೆಲ್ಲೋ. ಒಣಗಿಸಿದ್ದು ಸರಿಯಾಯಿತೋ ಇಲ್ಲವೋ ಎಂಬ ಸುದ್ದಿ ಹಿಂದಿರುಗಿ ನಮ್ಮ ಹತ್ತಿರ ಬರುವುದೇ ಇಲ್ಲ.

ಕಾಳು ಯಾಕೆ ಒಡೆಯುತ್ತದೆ? ಬಡಗಿಯನ್ನು ಕೇಳಿದರೆ ಹೇಳಿಯಾನು. ಹಸಿ ಹಲಗೆಯನ್ನು ಅವನು ಬಿಸಿಲಿಗೆ ಒಡ್ಡುವುದಿಲ್ಲ. ಹೊರಮೈ ಬೇಗ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ, ಎಳೆದಾಟದಲ್ಲಿ ಹಲಗೆ ಬಿರಿಯುತ್ತದೆ. ಅಕ್ಕಿ ಕಾಳಿನಲ್ಲೂ ಇದೇ ಎಳೆದಾಟ. ಆದರೆ ಅದರಲ್ಲಿ ಇನ್ನೊಂದು ತಿರುವು ಇದೆ. ಚೆನ್ನಾಗಿ ಒಣಗಿದ ಕಾಳಿಗೆ ಮತ್ತೆ ನೀರು ಸೋಕಿದರೆ ಹೊರಮೈ ಉಬ್ಬುತ್ತದೆ, ಒಣಗಿದ ನಡುಭಾಗ ಆ ಜಗ್ಗಾಟ ತಡೆಯಲಾರದೆ ಅಡ್ಡಡ್ಡ ಸೀಳುತ್ತದೆ. ಜಪಾನಿನ ಕೊಂಡೊ ಮತ್ತು ಒಕಮುರಾ ಎಂಬ ವಿಜ್ಞಾನಿಗಳು 1930ರಲ್ಲೇ ಇದನ್ನು ತೋರಿಸಿದ್ದರು. ಅಲ್ಲಿಯ ತನಕ ಬಿಸಿಲೊಂದೇ ಕಾರಣ ಎಂದುಕೊಂಡಿದ್ದವರಿಗೆ, ಒಣಗಿದ ಕಾಳು ನೀರು ಕುಡಿದರೂ ಒಡೆಯುತ್ತದೆ ಎಂಬುದು ಹೊಸ ಮಾತು.

ನಮ್ಮ ಕಡೆ ಇದಕ್ಕೆ ನೀರು ಹಾಕಬೇಕಾಗಿಲ್ಲ. ಡಿಸೆಂಬರ್, ಜನವರಿಯ ಇಬ್ಬನಿ ಸಾಕು. ಹಗಲೆಲ್ಲ ಕಾದ ಭತ್ತವನ್ನು ರಾತ್ರಿ ಹಾಗೇ ಬಯಲಿಗೆ ಬಿಟ್ಟರೆ ಬೆಳಗಿನ ಜಾವಕ್ಕೆ ಮೇಲಿನ ಪದರದ ಕಾಳು ಮತ್ತೆ ತೇವ ಎಳೆದುಕೊಂಡಿರುತ್ತದೆ. ಗದ್ದೆಯಲ್ಲಿ ಬಲಿತ ಮೇಲೂ ಕೊಯ್ಯದೆ ಬಿಟ್ಟ ತೆನೆಗೂ ಇದೇ ಗತಿ. ಹಗಲು ಒಣಗಿ, ರಾತ್ರಿ ನೆನೆದು, ನಿಂತಲ್ಲೇ ಸೀಳುತ್ತದೆ. ಯಂತ್ರ ಬರಲಿ ಎಂದು ಎರಡು ವಾರ ಕಾದ ಗದ್ದೆಯ ಭತ್ತದಲ್ಲಿ ನುಚ್ಚು ಹೆಚ್ಚಾಗುವುದಕ್ಕೆ ಇದೇ ಕಾರಣ.

ಈ ವಿಷಯದಲ್ಲಿ ದೊಡ್ಡ ಕೆಲಸ ನಡೆದದ್ದು ನಮ್ಮ ಜಿಲ್ಲೆಯಲ್ಲೇ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ಮೊದಲ ದಿನಗಳಿಂದಲೂ ಅಕ್ಕಿಯ ಹಿಂದೆ ಬಿದ್ದಿತ್ತು. ಹೊಸ ಅಕ್ಕಿ ಯಾಕೆ ಮುದ್ದೆಯಾಗುತ್ತದೆ, ಹಳೆ ಅಕ್ಕಿ ಯಾಕೆ ಉದುರುದುರಾಗಿ ಅರಳುತ್ತದೆ ಎಂಬುದನ್ನು ಅಲ್ಲಿನ ಎಚ್.ಎಸ್.ಆರ್.ದೇಶಿಕಾಚಾರ್ 1950ರ ದಶಕದಲ್ಲೇ ಹುಡುಕಿ ಬರೆದರು. ಭತ್ತವನ್ನು ಎರಡು ಮೂರು ದಿನ ತಣ್ಣೀರಲ್ಲಿ ನೆನೆಸಿ ನಾರುತ್ತಿದ್ದ ಕುಸುಬಲಕ್ಕಿ ಮಿಲ್ಲುಗಳಿಗೆ, ಬಿಸಿನೀರಲ್ಲಿ ಕೆಲವೇ ಗಂಟೆ ನೆನೆಸಿ ವಾಸನೆಯಿಲ್ಲದ ಅಕ್ಕಿ ಮಾಡುವ ದಾರಿ ಸಿಕ್ಕಿದ್ದೂ ಅಲ್ಲಿಂದಲೇ.

1967ರಲ್ಲಿ ಅದೇ ಸಂಸ್ಥೆಯ ಕೆ.ಆರ್.ಭಟ್ಟಾಚಾರ್ಯ ಮತ್ತು ವೈ.ಎಂ.ಇಂದೂಧರ ಸ್ವಾಮಿ ಕುದಿಸಿದ ಭತ್ತವನ್ನು ಹೇಗೆ ಒಣಗಿಸಿದರೆ ನುಚ್ಚು ಕಡಿಮೆ ಎಂಬ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅವರು ಕಂಡದ್ದು ಇಷ್ಟು: ಹಸಿ ಭತ್ತದ ತೇವಾಂಶ ಶೇ 16ರ ಆಸುಪಾಸಿಗೆ ಇಳಿಯುವ ತನಕ ಬೇಗ ಒಣಗಿಸಿದರೂ ದೊಡ್ಡ ತೊಂದರೆ ಇಲ್ಲ. ಅಲ್ಲಿಂದ ಕೆಳಗೆ ಒಂದೇ ಏಟಿಗೆ ಇಳಿಸಲು ಹೋದರೆ ಕಾಳು ಒಡೆಯುವುದು ಏಕಾಏಕಿ ಏರುತ್ತದೆ. ಒಡೆಯುವುದೂ ಒಣಗಿಸುತ್ತಿರುವಾಗಲೇ ಅಲ್ಲ, ತೆಗೆದಿಟ್ಟ ಮೇಲೆ. ನಡುವೆ ನಿಲ್ಲಿಸಿ, ಭತ್ತವನ್ನು ರಾಶಿ ಹಾಕಿ ಕೆಲವು ಗಂಟೆ ಸುಮ್ಮನೆ ಬಿಟ್ಟು, ಆಮೇಲೆ ಎರಡನೇ ಸಲ ಒಣಗಿಸಿದರೆ ಕಾಳು ಇಡಿಯಾಗಿ ಉಳಿಯುತ್ತದೆ.

ಶ್ರೀರಂಗಪಟ್ಟಣದವರು ಬುಕನನ್‌ಗೆ ಹೇಳಿದ್ದು ಹಸಿ ಅಕ್ಕಿಯ ಮಾತು, ಇವರದ್ದು ಕುದಿಸಿದ ಭತ್ತದ ಮಾತು. ಎರಡರ ತಿರುಳೂ ಬಿಸಿಲಿನ ನಡುವೆ ಬಿಡುವು ಕೊಡಬೇಕು ಎಂಬುದೇ. ಇವತ್ತಿನ ದೊಡ್ಡ ಮಿಲ್ಲುಗಳ ಒಣಗಿಸುವ ಯಂತ್ರಗಳೂ ಇದೇ ನಿಯಮದ ಮೇಲೆ ನಡೆಯುತ್ತವೆ. ಬಿಸಿಗಾಳಿ ಹಾಯಿಸಿ, ತೊಟ್ಟಿಯಲ್ಲಿ ಕೂರಿಸಿ, ಮತ್ತೆ ಹಾಯಿಸುತ್ತಾರೆ. ಮೈಸೂರಿನಲ್ಲಿ ಕಂಡುಕೊಂಡದ್ದು ದೇಶದ ಮಿಲ್ಲುಗಳಿಗೆ ಹೋಯಿತು. ನಲವತ್ತು ಐವತ್ತು ಕಿಲೋಮೀಟರ್ ದೂರದ ನಮ್ಮ ಊರುಗಳ ಕಣಕ್ಕೆ ಮಾತ್ರ ಬರಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಕಣವೇ ಹೋಗುತ್ತಿತ್ತು.

ನಮ್ಮ ಸೀಮೆಯಲ್ಲಿ ಭತ್ತ ಹೊಸದಲ್ಲ. ಚುಂಚನಕಟ್ಟೆಯ ಸುತ್ತ ಕಾವೇರಿಗೆ ಕಟ್ಟಿದ ಹಳೆಯ ಕಟ್ಟೆಗಳ ನಾಲೆಗಳು ಎಡತೊರೆ ಸೀಮೆಗೆ, ಅಂದರೆ ಇಂದಿನ ಕೆ.ಆರ್.ನಗರ, ಸಾಲಿಗ್ರಾಮದ ಕಡೆಗೆ, ತಲೆಮಾರುಗಳಿಂದ ನೀರು ಕೊಟ್ಟಿವೆ. ಹುಣಸೂರಿನ ಹನಗೋಡಿನಲ್ಲಿ ಲಕ್ಷ್ಮಣತೀರ್ಥದ ಅಣೆಕಟ್ಟೆ ಇದೆ. ಆದರೆ ಗದ್ದೆ ಹಬ್ಬಿದ್ದು ಈಚೆಗೆ. 1974ರಲ್ಲಿ ಎಚ್.ಡಿ.ಕೋಟೆಯ ಬೀಚನಹಳ್ಳಿಯಲ್ಲಿ ಕಬಿನಿ ಜಲಾಶಯ ಆಯಿತು, 1980ರ ದಶಕದಲ್ಲಿ ಹಾರಂಗಿ ನೀರು ಪಿರಿಯಾಪಟ್ಟಣ, ಹುಣಸೂರು, ಕೆ.ಆರ್.ನಗರದ ಬಯಲಿಗೆ ಹರಿಯಿತು. ರಾಗಿ ಹೊಲ ಗದ್ದೆಯಾಯಿತು. ರಾಜಮುಡಿ, ರತ್ನಚೂಡಿಯಂಥ ಎತ್ತರದ ತಳಿ ಹಿಂದೆ ಸರಿದು ಜಯ, ಐ.ಆರ್.ಗಳು, ಜ್ಯೋತಿ, ಎಂಟಿಯು ತಳಿಗಳು ಬಂದವು. ಒಂದು ಕಣದಲ್ಲಿ ಹತ್ತು ಚೀಲ ಒಣಗುತ್ತಿದ್ದ ಮನೆಗೆ ನಲವತ್ತು ಚೀಲ ಬಂದರೆ ಎಲ್ಲಿ ಹಾಕುವುದು? ಕಣ ದೊಡ್ಡದಾಗಲಿಲ್ಲ. ಮನೆ ಪಾಲಾದ ಹಾಗೆ ಹಿತ್ತಿಲೂ ಪಾಲಾಯಿತು. ಊರೊಟ್ಟಿನ ಕಣದ ಜಾಗದಲ್ಲಿ ಎಷ್ಟೋ ಕಡೆ ಮನೆ ಎದ್ದಿದೆ, ಇಲ್ಲವೆ ಸಮುದಾಯ ಭವನ.

ಆಮೇಲೆ ಕಟಾವು ಯಂತ್ರ ಬಂತು. ಅದು ಬರುವುದಕ್ಕೆ ಕಾರಣವಿತ್ತು. ಭತ್ತದ ಕುಯ್ಲೂ ಕೊಡಗಿನ ಕಾಫಿ ಕುಯ್ಲೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಎಚ್.ಡಿ.ಕೋಟೆ, ಹುಣಸೂರು, ಪಿರಿಯಾಪಟ್ಟಣದ ಆಳುಗಳು ಜೀಪು, ಆಟೊ ಹತ್ತಿ ತೋಟಕ್ಕೆ ಹೋಗುತ್ತಾರೆ. ಹುಡುಗರು ಮೈಸೂರು, ಬೆಂಗಳೂರು ಸೇರಿದರು. ಎತ್ತು ಸಾಕುವವರು ಕಡಿಮೆಯಾದರು. ಸಂಕ್ರಾಂತಿ ಹೊತ್ತಿನ ಚುಂಚನಕಟ್ಟೆ ದನದ ಜಾತ್ರೆಗೆ ಹೋಗಿ ಜೋಡಿ ಎತ್ತು ಹಿಡಿದು ಬರುತ್ತಿದ್ದ ಮನೆಗಳಲ್ಲಿ ಈಗ ಟ್ರ್ಯಾಕ್ಟರ್ ಇದೆ. ಯಂತ್ರಕ್ಕೆ ಬೈಯುವ ಹಕ್ಕು ಹೊರೆ ಹೊರದವರಿಗೆ ಇಲ್ಲ.

ಆದರೆ ಯಂತ್ರ ಒಂದನ್ನು ಕದ್ದಿತು. ಕೊಯ್ಲು ಮತ್ತು ಒಕ್ಕಣೆಯ ನಡುವೆ ಇದ್ದ ಹದಿನೈದು ದಿನವನ್ನು. ಯಂತ್ರ ಗದ್ದೆಗೆ ಇಳಿದ ಒಂದು ಗಂಟೆಯಲ್ಲಿ ಕಾಳು ಟ್ರ್ಯಾಕ್ಟರಿನ ಟ್ರೈಲರಿನಲ್ಲಿರುತ್ತದೆ. ಆಗ ಅದರ ತೇವಾಂಶ ಸಾಮಾನ್ಯವಾಗಿ ಶೇ 20ರಿಂದ 24. ಇಟ್ಟುಕೊಳ್ಳಲು ಬೇಕಾದದ್ದು ಶೇ 14, ಬಿತ್ತನೆಗಾದರೆ 13ಕ್ಕಿಂತ ಕಡಿಮೆ. ಹಸಿ ಭತ್ತ ರಾಶಿಯಲ್ಲಿ ಉಸಿರಾಡುತ್ತದೆ. ಎರಡು ದಿನ ಚೀಲದಲ್ಲೇ ಬಿಟ್ಟು ಕೈ ಹಾಕಿ ನೋಡಿ, ಒಲೆಯ ಪಕ್ಕ ಇಟ್ಟ ಹಾಗೆ ಬಿಸಿ. ಮುಗ್ಗು ವಾಸನೆ, ಬೂಷ್ಟು, ಹಳದಿ ಕಾಳು ಎಲ್ಲ ಅಲ್ಲಿಂದಲೇ. ಹಾಗಾಗಿ ಅದೇ ಸಂಜೆಯೊಳಗೆ ಎಲ್ಲೋ ಒಂದು ಕಡೆ ಹರಡಲೇಬೇಕು. ಊರಲ್ಲಿ ಅಷ್ಟು ದೊಡ್ಡ, ಗಟ್ಟಿ, ಒಣ ಜಾಗ ಉಳಿದಿರುವುದು ಒಂದೇ. ರಸ್ತೆ.

ಹಾಗೆ ಡಾಂಬರು ರಸ್ತೆ ನಮ್ಮ ಕಣವಾಯಿತು. ಫಿಲಿಪೀನ್ಸಿನಲ್ಲೂ ಹೆದ್ದಾರಿ ಮೇಲೆ ಭತ್ತ ಹರಡುತ್ತಾರೆ. ಅಲ್ಲಿ ಹಳ್ಳಿ ಹಳ್ಳಿಯ ಬ್ಯಾಸ್ಕೆಟ್‌ಬಾಲ್ ಅಂಕಣವೂ ಸುಗ್ಗಿಯಲ್ಲಿ ಕಣವೇ. ಸರ್ಕಾರವೇ ಎರಡಕ್ಕೂ ಆಗಲಿ ಎಂದು ಅಂಥ ಸಿಮೆಂಟ್ ನೆಲ ಕಟ್ಟಿಸಿದ್ದುಂಟು. ನಮ್ಮಲ್ಲಿ ಕಟ್ಟಿಸಿದ ಕಣಗಳಿವೆ, ಆದರೆ ಸುಗ್ಗಿಯ ಒಂದೇ ವಾರದಲ್ಲಿ ಇಡೀ ಊರಿನ ಭತ್ತ ಬಂದಾಗ ಅವು ಯಾವ ಮೂಲೆಗೆ?

ರಸ್ತೆಯ ಮೇಲೆ ಕಾಳಿಗೆ ಆಗುವುದೇನು? ಕಪ್ಪು ಡಾಂಬರು ಬಿಸಿಲನ್ನು ಹೀರಿ ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ತೆಳ್ಳಗೆ ಹರಡಿದ ಭತ್ತ ಕೆಳಗಿನಿಂದ ಹುರಿದಂತೆ, ಮೇಲಿನಿಂದ ಸುಟ್ಟಂತೆ. ಬೆಳಿಗ್ಗೆ ಶೇ 22 ಇದ್ದದ್ದನ್ನು ಸಂಜೆಗೆ ಹೇಗಾದರೂ ಮುಗಿಸಬೇಕು, ಏಕೆಂದರೆ ರಸ್ತೆ ನಾಳೆ ಪಕ್ಕದ ಮನೆಯವರದ್ದು. ದಪ್ಪಗೆ ಹರಡಿ ತಿರುವದೆ ಬಿಟ್ಟರೆ ಮೇಲಿನ ಪದರ ಅತಿಯಾಗಿ ಒಣಗಿ, ಕೆಳಗಿನದು ಹಸಿಯಾಗೇ ಉಳಿಯುತ್ತದೆ. ಎರಡೂ ಒಂದೇ ಚೀಲಕ್ಕೆ ಬಿದ್ದಾಗ ಹಸಿ ಕಾಳಿನ ನೀರನ್ನು ಒಣ ಕಾಳು ಕುಡಿದು ಸೀಳುತ್ತದೆ. ಇದು ಚೀಲದ ಒಳಗೆ, ಯಾರಿಗೂ ಕಾಣದ ಹಾಗೆ ನಡೆಯುತ್ತದೆ. ಮೇಲೆ ಲಾರಿ, ಬಸ್ಸಿನ ಚಕ್ರ. ಜೊತೆಗೆ ಜಲ್ಲಿಪುಡಿ, ಡಾಂಬರಿನ ಚೂರು.

ಕಾಳಿಗಿಂತ ದೊಡ್ಡ ಮಾತು ಇನ್ನೊಂದಿದೆ. ಭತ್ತಕ್ಕೆ ಕಾವಲಾಗಿ ರಸ್ತೆಯ ಮೇಲೆ ಇಟ್ಟ ಕಲ್ಲು ಕತ್ತಲಲ್ಲಿ ಬೈಕಿನವರಿಗೆ ಕಾಣುವುದಿಲ್ಲ. ಕಾಳಿನ ಮೇಲೆ ಬ್ರೇಕ್ ಹಾಕಿದರೆ ಚಕ್ರ ನಿಲ್ಲುವುದಿಲ್ಲ. ಹುರುಳಿ ಬಳ್ಳಿ ಹರಡಿದ ಕಡೆ ಅದು ಕಾರಿನ ಕೆಳಗೆ ಸುತ್ತಿಕೊಂಡು ಬೆಂಕಿ ಹತ್ತಿದ್ದೂ ಇದೆ. ಪೊಲೀಸರು ಪ್ರತಿ ಸುಗ್ಗಿಯಲ್ಲೂ ಎಚ್ಚರಿಕೆ ಕೊಡುತ್ತಾರೆ, ಪ್ರತಿ ಸುಗ್ಗಿಯಲ್ಲೂ ಜನ ಹರಡುತ್ತಾರೆ. ಬೇರೆ ಜಾಗ ತೋರಿಸದೆ ಕೊಟ್ಟ ಎಚ್ಚರಿಕೆಗೆ ಬೆಲೆ ಅಷ್ಟೇ. ಕನಿಷ್ಠ ಆ ಕಲ್ಲುಗಳನ್ನಾದರೂ ಬಿಡಬಹುದು. ಒಂದು ಚೀಲ ಭತ್ತಕ್ಕೆ ಯಾರ ಮನೆಯ ಮಗನೂ ಸಾಯಬೇಕಾಗಿಲ್ಲ.

ಈಗ ಇದೇ ನೆಲದ ಇನ್ನೊಂದು ಬೆಳೆಯ ಕಡೆ ನೋಡೋಣ. ನಮ್ಮ ನಾಲ್ಕು ತಾಲ್ಲೂಕು ಹೊರಗಿನವರಿಗೆ ಗೊತ್ತಿರುವುದು ಹೊಗೆಸೊಪ್ಪಿನಿಂದ. ಹೊಗೆಸೊಪ್ಪು ಬೆಳೆಯುವವರಿಗೆ ಒಣಗಿಸುವ ವಿದ್ಯೆ ಕಲಿಸಬೇಕಾಗಿಲ್ಲ. ಬ್ಯಾರನ್‌ಗೆ ಸೊಪ್ಪು ಏರಿಸಿದ ಮೇಲೆ ಐದಾರು ದಿನ ರಾತ್ರಿ ನಿದ್ದೆಯಿಲ್ಲ. ಮೊದಲು 35 ಡಿಗ್ರಿ ಆಸುಪಾಸಿನಲ್ಲಿ ಎಲೆಯನ್ನು ಹಳದಿ ಮಾಡುವುದು, ಆಮೇಲೆ ನಿಧಾನವಾಗಿ ಶಾಖ ಏರಿಸಿ ಎಲೆ ಒಣಗಿಸುವುದು, ಕೊನೆಗೆ 70 ಡಿಗ್ರಿ ಹತ್ತಿರಕ್ಕೆ ಒಯ್ದು ದೇಟು ಒಣಗಿಸುವುದು. ಒಳಗೆ ತೂಗುಹಾಕಿದ ಥರ್ಮಾಮೀಟರನ್ನು ಗಂಟೆಗೊಮ್ಮೆ ನೋಡುತ್ತಾರೆ. ಅವಸರ ಮಾಡಿದರೆ ಎಲೆ ಹಸಿರಾಗೇ ಉಳಿದುಬಿಡುತ್ತದೆ, ತಡ ಮಾಡಿದರೆ ಕಂದು ತಿರುಗುತ್ತದೆ. ಒಣಗಿದ ಮೇಲೂ ಕೂಡಲೇ ಮುಟ್ಟುವುದಿಲ್ಲ. ಗಾಳಿಯ ತೇವ ಕುಡಿದು ಮೆತ್ತಗಾಗಲಿ ಎಂದು ಬಿಡುತ್ತಾರೆ. ಅಲ್ಲಿ ಹದ ತರುವ ಅದೇ ತೇವ ಭತ್ತದ ಕಾಳನ್ನು ಒಡೆಯುತ್ತದೆ ಎಂಬುದು ಬೇರೆ ಮಾತು.

ಅದೇ ಕೈ, ಅದೇ ಮನೆ. ಸೆಪ್ಟೆಂಬರಿನಲ್ಲಿ ಸೊಪ್ಪಿಗೆ ಡಿಗ್ರಿ ಲೆಕ್ಕದಲ್ಲಿ ಶಾಖ ಕೊಟ್ಟವರು ಡಿಸೆಂಬರಿನಲ್ಲಿ ಭತ್ತವನ್ನು ರಸ್ತೆಗೆ ಸುರಿಯುತ್ತಾರೆ. ಇದನ್ನು ರೈತರ ಸೋಮಾರಿತನ ಎನ್ನುವವರಿಗೆ ಬ್ಯಾರನ್ ಒಳಗೆ ಒಂದು ರಾತ್ರಿ ಕಳೆಯಲು ಹೇಳಬೇಕು. ವ್ಯತ್ಯಾಸ ಇರುವುದು ಮಾರುವ ಜಾಗದಲ್ಲಿ. ತಂಬಾಕು ಮಂಡಳಿಯ ಕಾಯ್ದೆ 1975ರಲ್ಲಿ ಬಂತು. ಕರ್ನಾಟಕದಲ್ಲಿ ಹರಾಜು 1984ರಲ್ಲಿ ಶುರುವಾಯಿತು. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ.ಕೋಟೆಯ ಹರಾಜು ಕಟ್ಟೆಗಳಲ್ಲಿ ಬೇಲು ಬಿಚ್ಚಿ ಎಲೆಯ ಬಣ್ಣ ನೋಡಿ ದರ್ಜೆ ಕಟ್ಟುತ್ತಾರೆ. ಚೆನ್ನಾಗಿ ಬೇಯಿಸಿದ ಎಲೆಗೂ ಕೆಟ್ಟದಾಗಿ ಬೇಯಿಸಿದ ಎಲೆಗೂ ದರದಲ್ಲಿ ಆಕಾಶ ಭೂಮಿಯ ಅಂತರ. ಆ ಕಟ್ಟೆಯಲ್ಲೂ ಜಗಳ, ಅಳಲು, ರಸ್ತೆ ತಡೆ ಎಲ್ಲ ಇವೆ. ಆದರೂ ಒಣಗಿಸಿದ ಕೈಗೆ ಅಲ್ಲಿ ಬೆಲೆ ಉಂಟು. ಆ ಬೆಲೆಗಾಗಿ ಎಷ್ಟು ಮರ ಉರಿದಿದೆ ಎಂಬುದು ಇನ್ನೊಂದು ಲೇಖನದ ವಿಷಯ.

ಭತ್ತಕ್ಕೆ? ಸರ್ಕಾರದ ಖರೀದಿ ಕೇಂದ್ರದಲ್ಲಿ ತೇವಾಂಶ ಶೇ 17 ಮೀರಬಾರದು ಎಂಬ ಒಂದು ಗೆರೆ ಇದೆ. ಆ ಗೆರೆಯ ಈಚೆಗೆ 17 ಇದ್ದರೂ 14 ಇದ್ದರೂ ದರ ಒಂದೇ. 2025–26ರಲ್ಲಿ ಸಾಮಾನ್ಯ ಭತ್ತಕ್ಕೆ ಕ್ವಿಂಟಾಲಿಗೆ 2,369 ರೂಪಾಯಿ. ಕಾಳು ಒಳಗೆ ಸೀಳಿದೆಯೋ ಇಲ್ಲವೋ ಎಂದು ಕೇಳುವವರಿಲ್ಲ.

ಒಂದು ಲೆಕ್ಕ ಮಾಡಿ. ಶೇ 22 ತೇವಾಂಶದ 100 ಕೆಜಿ ಭತ್ತದಲ್ಲಿ ಒಣ ಪದಾರ್ಥ 78 ಕೆಜಿ, ಉಳಿದದ್ದು ನೀರು. ಅದನ್ನು ಶೇ 17ಕ್ಕೆ ಇಳಿಸಿದರೆ ತಕ್ಕಡಿಯಲ್ಲಿ 94 ಕೆಜಿ. ಶೇ 14ಕ್ಕೆ ಇಳಿಸಿದರೆ ಸುಮಾರು 90 ಕೆಜಿ 700 ಗ್ರಾಂ. ರಸ್ತೆಯ ಮೇಲೆ ಬಿಟ್ಟು ಶೇ 11ಕ್ಕೆ ಹೋದರೆ 87 ಕೆಜಿ 600 ಗ್ರಾಂ. ಇಟ್ಟರೆ ಕೆಡದ ಹಾಗೆ 14ಕ್ಕೆ ಒಣಗಿಸಿದ ರೈತ, 17ರಲ್ಲೇ ನಿಲ್ಲಿಸಿದವನಿಗಿಂತ ಸುಮಾರು 78 ರೂಪಾಯಿ ಕಳೆದುಕೊಂಡ. ಅತಿಯಾಗಿ ಒಣಗಿಸಿದವನು ಅದರ ಮೇಲೆ ಇನ್ನೂ 70 ರೂಪಾಯಿ ಚಿಲ್ಲರೆ ಕಳೆದುಕೊಂಡು, ನುಚ್ಚನ್ನೂ ಕಟ್ಟಿಕೊಂಡ. ಒಳ್ಳೆಯದಾಗಿ ಒಣಗಿಸಬೇಡ ಎಂದು ತಕ್ಕಡಿಯೇ ಹೇಳುತ್ತಿರುವಾಗ ಯಾರ ಮಾತು ಕೇಳುವುದು?

ಮಿಲ್ಲಿನ ಕಡೆಯ ಲೆಕ್ಕವೂ ಇದೆ. ಸರ್ಕಾರದ ಭತ್ತ ಪಡೆದ ಮಿಲ್ಲು 100 ಕೆಜಿಗೆ 67 ಕೆಜಿ ಹಸಿ ಅಕ್ಕಿ ಹಿಂತಿರುಗಿಸಬೇಕು. ಬಹಳ ವರ್ಷ ನಡೆದುಬಂದ ನಿಯಮದಲ್ಲಿ ಅದರಲ್ಲಿ ಶೇ 25ರ ತನಕ ನುಚ್ಚಿಗೆ ಅವಕಾಶವಿತ್ತು. ಅಂದರೆ ನ್ಯಾಯಬೆಲೆ ಅಂಗಡಿಯ ಅಕ್ಕಿಯಲ್ಲಿ ನಾಲ್ಕರಲ್ಲಿ ಒಂದು ಪಾಲು ನುಚ್ಚು ಇದ್ದರೂ ಅದು ತಪ್ಪಾಗುತ್ತಿರಲಿಲ್ಲ. ಖಾಸಗಿ ವ್ಯಾಪಾರಿ ಇದಕ್ಕಿಂತ ಜಾಣ. ಈ ಊರಿನ ಭತ್ತದಲ್ಲಿ ನುಚ್ಚು ಬರುತ್ತದೆ ಎಂದು ಗೊತ್ತಾದರೆ ಮುಂದಿನ ಸಲ ಇಡೀ ಊರಿಗೆ ದರ ಇಳಿಸುತ್ತಾನೆ. ಚೆನ್ನಾಗಿ ಒಣಗಿಸಿದವನೂ ಅದೇ ಲೆಕ್ಕದಲ್ಲಿ ಸೇರಿಹೋಗುತ್ತಾನೆ. ಅವನು ಒಂದು ಕಾಳು ಬಾಯಿಗೆ ಹಾಕಿ ಕಚ್ಚಿ ‘ಹಸಿ ಇದೆ ಗೌಡ್ರೇ, ಚೀಲಕ್ಕೆ ಎರಡು ಕೆಜಿ ಬಿಡಿ’ ಎಂದಾಗ ವಾದ ಮಾಡಲು ನಮ್ಮ ಕೈಯಲ್ಲಿ ತೇವಾಂಶ ಅಳೆಯುವ ಮೀಟರ್ ಇರುವುದಿಲ್ಲ. ಸಹಕಾರ ಸಂಘಕ್ಕೊಂದು ಮೀಟರ್ ತರಿಸಿಟ್ಟರೆ ಈ ಎರಡು ಕೆಜಿಯ ಜಗಳ ಅರ್ಧ ಮುಗಿಯುತ್ತದೆ.

ಡಿಸೆಂಬರಿನಲ್ಲಿ ಖಾಲಿ ಬಿದ್ದಿರುವ ಬ್ಯಾರನ್‌ನಲ್ಲೇ ಭತ್ತ ಒಣಗಿಸಬಾರದೇಕೆ ಎಂದು ಕೇಳುವವರಿದ್ದಾರೆ. ಸೊಪ್ಪು ಕಡ್ಡಿಗೆ ಕಟ್ಟಿ ತೂಗುಹಾಕಿರುತ್ತದೆ, ಎಲೆ ಎಲೆಯ ನಡುವೆ ಬಿಸಿಗಾಳಿ ಓಡಾಡುತ್ತದೆ. ಭತ್ತದ ರಾಶಿಯೊಳಗೆ ಗಾಳಿ ತಾನಾಗಿ ನುಗ್ಗುವುದಿಲ್ಲ, ಫ್ಯಾನಿನಿಂದ ನೂಕಬೇಕು. ಬರೀ ಶಾಖ ಕೊಟ್ಟರೆ ರಾಶಿ ಬೇಯುತ್ತದೆ, ಒಣಗುವುದಿಲ್ಲ.

ರಸ್ತೆ ಬಿಟ್ಟು ಬೇರೆ ಗತಿ ಇಲ್ಲದವರೂ ಮಾಡಬಹುದಾದದ್ದು ಇದೆ. ನೆಲಕ್ಕೂ ಕಾಳಿಗೂ ನಡುವೆ ಟಾರ್ಪಾಲು ಇರಲಿ. ಎರಡರಿಂದ ನಾಲ್ಕು ಸೆಂಟಿಮೀಟರ್, ಅಂದರೆ ಎರಡು ಬೆರಳು ದಪ್ಪಕ್ಕೆ ಹರಡಿ, ಅರ್ಧ ಗಂಟೆಗೊಮ್ಮೆ ಕಾಲಾಡಿಸಿ. ನಡುಮಧ್ಯಾಹ್ನದ ಬಿಸಿಲಲ್ಲಿ ರಾಶಿಗೆ ಎಳೆದು ಮುಚ್ಚಿಬಿಡಿ, ಇಳಿಹೊತ್ತಿಗೆ ಮತ್ತೆ ಹರಡಿ. ಸೂರ್ಯ ಮುಳುಗುವ ಮೊದಲೇ, ಇಬ್ಬನಿ ಬೀಳುವ ಮೊದಲೇ, ಕೂಡಿಸಿ ಹೊದಿಸಿ. ಎರಡು ದಿನ ಹಿಡಿಯಲಿ, ಪರವಾಗಿಲ್ಲ. ಬಿತ್ತನೆಗೆ ಇಡುವ ಭತ್ತವನ್ನಂತೂ ಡಾಂಬರಿಗೆ ತೋರಿಸಲೇಬೇಡಿ. ಕಾಳಿನ ಬಿಸಿ 42 ಡಿಗ್ರಿ ದಾಟಿದರೆ ಮೊಳಕೆ ಸಾಯುತ್ತದೆ.

ಮಿಲ್ಲಿಗೆ ಒಯ್ಯುವ ಮೊದಲು ನಿಮ್ಮ ಭತ್ತವನ್ನು ನೀವೇ ನೋಡಬಹುದು, ಅದಕ್ಕೆ ಬೇಕಾದ ಯಂತ್ರ ಈಗ ನಿಮ್ಮ ಕೈಯಲ್ಲೇ ಇದೆ. ಚೀಲದ ಮೇಲೆ, ನಡುವೆ, ಕೆಳಗೆ ಕೈ ಹಾಕಿ ಐವತ್ತು ಕಾಳು ತೆಗೆಯಿರಿ. ಉಗುರಿನಿಂದ ಹೊಟ್ಟು ಬಿಡಿಸಿ. ಕತ್ತಲ ಕೋಣೆಯಲ್ಲಿ ಮೊಬೈಲಿನ ಟಾರ್ಚ್ ಹಚ್ಚಿ, ಅದರ ಮೇಲೆ ಒಂದು ಗಾಜಿನ ತುಂಡು ಇಟ್ಟು, ಕಾಳುಗಳನ್ನು ಅದರ ಮೇಲೆ ಹರಡಿ. ಬೆಳಕು ಕಾಳಿನೊಳಗಿಂದ ಹಾದು ಬರುವಾಗ ಅಡ್ಡಡ್ಡ ಕೂದಲಿನಂಥ ಗೆರೆ ಕಂಡರೆ ಅದು ಸೀಳು. ಎಣಿಸಿ. ಸಿಎಫ್‌ಟಿಆರ್‌ಐನವರು ಹೇಳಿದ ಹಾಗೆ ಸೀಳು ಆಮೇಲೆ ಕಾಣುವಂಥದ್ದು, ಆದ್ದರಿಂದ ಒಣಗಿಸಿದ ದಿನವೇ ನೋಡಬೇಡಿ, ಎರಡು ದಿನ ಬಿಟ್ಟು ನೋಡಿ.

ಐವತ್ತರಲ್ಲಿ ಹತ್ತು ಹದಿನೈದು ಸೀಳಿದ್ದರೆ ಆ ಭತ್ತವನ್ನು ಹಸಿ ಅಕ್ಕಿ ಮಾಡಿಸಿ ನುಚ್ಚು ಮನೆಗೆ ತರುವ ಬದಲು ಕುಸುಬಲಕ್ಕಿ ಮಾಡಿಸುವುದು ಮೇಲು. ಹಬೆಯಲ್ಲಿ ಬೆಂದಾಗ ಕಾಳಿನ ಪಿಷ್ಟ ಅಂಟಾಗಿ ಸೀಳು ಕೂಡಿಕೊಳ್ಳುತ್ತದೆ. ಬಾವಲಿ ದಾಟಿದರೆ ಕೇರಳ. ಅಲ್ಲಿನ ಪಟ್ಟಾಂಬಿಯಲ್ಲಿ ಹುಟ್ಟಿದ ಜ್ಯೋತಿಯನ್ನು ಅವರು ಕುದಿಸಿಯೇ ಉಣ್ಣುವುದು.